ಇದ್ಯಾವ ಬಣ್ಣ ಹೇಳಪ್ಪಾ

ಮಂಗಳವಾರದಿಂದ ಈ ಮಾತು ಕಿವಿಯಿಂದ ಇಳಿಯುತ್ತಿಲ್ಲ. "ಇದ್ಯಾವ ಬಣ್ಣ ಹೇಳಪ್ಪಾ?"

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟು ತಿಂಗಳಾಗಿತ್ತು. ಯಾರ ಲಾಟು, 15 ಕೆಜಿ ಬಾಕ್ಸ್ ಎಷ್ಟು, ಯಾವ ರೇಟಿಗೆ ಹೋಯಿತು, ಎಲ್ಲ ಒಂದೇ ಪರದೆಯಲ್ಲಿ. ಸಾಲಿನ ಕೊನೆಗೊಂದು ಚುಕ್ಕೆ: ದುಡ್ಡು ಕೊಟ್ಟಿದ್ದರೆ ಹಸಿರು, ಬಾಕಿ ಇದ್ದರೆ ಕೆಂಪು. ಅಕ್ಷರ ಬೇಡ, ಪರದೆ ಚೊಕ್ಕವಾಗಿರಲಿ ಎಂದು ತೀರ್ಮಾನಿಸಿದವನು ನಾನೇ.

ಅವತ್ತು ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಪಟ್ಟಿ ಹಿಡಿದು ನಿಂತಿದ್ದರು. ಮಂಡಿಯ ಲೆಕ್ಕ ಬರೆಯುವ ರೈಟರು ಪರದೆ ನೋಡಿ, "ನಿಮ್ದು ಕೊಟ್ಟಾಗಿದೆ" ಅಂದರು.

"ಎಲ್ಲಣ್ಣ ಕೊಟ್ರಿ? ಬೆಳಿಗ್ಗೆಯಿಂದ ಕಾಯ್ತಾ ಇದೀನಿ."

ಮಾಲೀಕರು ಎದ್ದು ಬಂದು ನೋಡಿದರು. ಚುಕ್ಕೆ ಕೆಂಪಗಿತ್ತು. ದುಡ್ಡು ಎಣಿಸಿ ಕೊಟ್ಟರು, ಆದರೆ ಆ ರೈತರ ಮುಂದೆಯೇ ರೈಟರನ್ನು ಗದರಿದರು. ಇಪ್ಪತ್ತು ವರ್ಷ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡದ ಮನುಷ್ಯನಿಗೆ ಹಾಗೆ ಮಾತಾಡಬಾರದಿತ್ತು. ಬೈಸಿಕೊಳ್ಳಬೇಕಾದವನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಆ ರೈತರಿಗೆ ಎದುರು ಮಾತಾಡುವ ಧೈರ್ಯವಿರದಿದ್ದರೆ?

ಎಲ್ಲರೂ ಹೋದ ಮೇಲೆ ರೈಟರು ನನ್ನನ್ನು ಕರೆದು, ಚುಕ್ಕೆಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಕೇಳಿದರು. "ಇದ್ಯಾವ ಬಣ್ಣ ಹೇಳಪ್ಪಾ?"

"ಕೆಂಪು."

"ಇದು?"

"ಹಸಿರು."

"ನಂಗೆ ಎರಡೂ ಒಂದೇ ಥರ ಕಾಣ್ತವೆ."

ಇಷ್ಟು ದಿನ ಪಕ್ಕದ ಹುಡುಗನನ್ನು ಕೇಳಿ ಕೇಳಿ ನಿಭಾಯಿಸಿದ್ದರಂತೆ. ಅವತ್ತು ಅವನು ರಜ ಹಾಕಿದ್ದ. ಮತ್ತೆ ಹಣ್ಣು, ಕಾಯಿ ಹೇಗೆ ಗೊತ್ತಾಗುತ್ತೆ ಅಂದೆ. "ಮುಟ್ಟಿದ್ರೆ ಗೊತ್ತಾಗಲ್ವಾ?" ಸಿಗ್ನಲ್? "ಮೇಲಿನ ದೀಪ ಹತ್ತಿದ್ರೆ ನಿಲ್ಲೋದು." ಸುತ್ತಲಿನ ಲೋಕ ಅವರಿಗೆ ಏನಾದರೊಂದು ಆಸರೆ ಇಟ್ಟಿತ್ತು, ಜಾಗವೋ, ಮೆದುವೋ, ಗಟ್ಟಿಯೋ. ನನ್ನ ಪರದೆ ಏನೂ ಇಟ್ಟಿರಲಿಲ್ಲ.

ಇದು ಹೊಸ ವಿಷಯವೂ ಅಲ್ಲ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ತನ್ನ ಕಣ್ಣಿಗೆ ಬಣ್ಣಗಳು ಬೇರೆ ಥರ ಕಾಣುವುದನ್ನು 1794ರಲ್ಲೇ ಮ್ಯಾಂಚೆಸ್ಟರಿನ ವಿದ್ವಾಂಸರ ಮುಂದೆ ಓದಿ ಹೇಳಿದ್ದ. ಕೆಂಪು-ಹಸಿರಿನ ಈ ತೊಡಕು ಎಕ್ಸ್ ಕ್ರೋಮೋಸೋಮಿನ ಜೊತೆ ಬರುವುದರಿಂದ ಗಂಡಸರಲ್ಲೇ ಹೆಚ್ಚು; ಮಂಡಿಯಲ್ಲಿ ಕೂತು ಲೆಕ್ಕ ಬರೆಯುವವರು ಹೆಚ್ಚಿನವರು ಗಂಡಸರೇ. ಯಾವುದೇ ವಿಷಯವನ್ನು ಬರಿಯ ಬಣ್ಣದಿಂದ ಹೇಳಬೇಡಿ ಎಂದು 2008ರ ವೆಬ್ ಮಾರ್ಗಸೂಚಿಯಲ್ಲೇ ಇದೆ. ನಾನು ಅದನ್ನು ಓದಿದ್ದೆ. ಬಿಸ್ಕತ್ ಪೊಟ್ಟಣದ ಹಸಿರು ಚುಕ್ಕೆ ಹಾಗೇ ಉಳಿದು, ಮಾಂಸಾಹಾರದ ಕಂದು ಚುಕ್ಕೆ 2020ರ ಲೇಬಲ್ ನಿಯಮದಲ್ಲಿ ತ್ರಿಕೋನವಾದದ್ದನ್ನೂ ನೋಡಿದ್ದೆ. ಆದರೂ ಪರದೆ ಮಾಡುವಾಗ ನನ್ನ ಕಣ್ಣಷ್ಟೇ ನೆನಪಿತ್ತು.

ರೈಟರ ಹಳೇ ಪುಸ್ತಕ ತೆಗೆಸಿದೆ. ಒಂದೇ ನೀಲಿ ಇಂಕು. ಕೊಟ್ಟದ್ದಕ್ಕೆ ರೈಟ್ ಗುರುತು. ಬಾಕಿಗೆ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಬಾಕಿ' ಎಂದು ಬರಹ. ಅರ್ಧ ಕೊಟ್ಟಿದ್ದರೆ ಸೊನ್ನೆಯೊಳಗೆ ಒಂದು ಗೆರೆ. ಅರ್ಧ ಕೊಟ್ಟದ್ದಕ್ಕೆ ನನ್ನ ಪರದೆಯಲ್ಲಿ ಬಣ್ಣವೇ ಇರಲಿಲ್ಲ! ಮಂಡಿಯಲ್ಲಿ ದಿನಾ ನಡೆಯುವ ವ್ಯವಹಾರ ಅದು. ತಿಂಗಳ ಹಿಂದೆ ಈ ಪುಸ್ತಕವನ್ನು ಅರ್ಧ ಗಂಟೆ ನೋಡಿದ್ದರೆ ಸಾಕಿತ್ತು.

ಅವರ ಮೂರು ಗುರುತುಗಳನ್ನು ಹಾಗೆಯೇ ಪರದೆಗೆ ತಂದೆ, ಪಕ್ಕದಲ್ಲಿ ಕನ್ನಡದ ಪದ ಹಾಕಿ. ಬಣ್ಣವನ್ನೂ ಉಳಿಸಿದ್ದೇನೆ, ಕಾಣುವವರಿಗೆ ಇರಲಿ ಎಂದು.

ಗುರುವಾರ ರೈಟರು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಓದುತ್ತಾ ಹೋದರು. "ಬಾಕಿ, ಬಾಕಿ, ಕೊಟ್ಟಿದೆ, ಅರ್ಧ, ಕೊಟ್ಟಿದೆ..." ಹುಡುಗ ಪಕ್ಕದಲ್ಲೇ ಕೂತಿದ್ದ. ಅವನ ಕಡೆ ಅವರು ತಿರುಗಲಿಲ್ಲ.