ಕಸದ ಡಬ್ಬಿಯೊಳಗಿನ ಕಡಲು

"ಮೇಡಂ, ಇವು ಕಸವಲ್ಲವೇ?"

ಮಂಗಳವಾರದಿಂದ ಈ ಮಾತು ಕಿವಿ ಬಿಟ್ಟು ಕದಲುತ್ತಿಲ್ಲ. ಕೇಳಿದವನು ಹೊಸದಾಗಿ ಸಂಶೋಧನೆಗೆ ಸೇರಿದ ಹುಡುಗ. ಕೈ ಬಹಳ ನಯ, ತಾಳ್ಮೆ ಮಾತ್ರ ಮಧ್ಯಾಹ್ನದವರೆಗೆ. ಇಯೊಸೀನ್ ಯುಗದ, ಅಂದರೆ ಸುಮಾರು 4 ಕೋಟಿ ವರ್ಷಗಳ ಹಿಂದಿನ ಕಡಲತಳದ ಜೇಡಿಯನ್ನು ತೊಳೆದು, ಜರಡಿ ಹಿಡಿದು, ಮುಕ್ಕಾಗದ ಚಿಪ್ಪುಗಳನ್ನೆಲ್ಲ ತಟ್ಟೆಯಲ್ಲಿ ಅಂದವಾಗಿ ಜೋಡಿಸಿದ್ದ. ಒಡೆದವು, ಎಳ್ಳಿನಷ್ಟು ಸಣ್ಣವು ಡಬ್ಬಿ ಸೇರಿದ್ದವು.

ನಾನು ರೇಗಿದೆ. ಜೋಡಿಚಿಪ್ಪಿನ ಜೀವಿಗೆ ಎರಡು ಕದ. ಕೀಲು ಉಳಿದ ತುಂಡು ಸಿಕ್ಕರೆ ಲೆಕ್ಕಕ್ಕೆ ಸೇರಿಸಬೇಕು, ಒಟ್ಟನ್ನು ಎರಡರಿಂದ ಭಾಗಿಸಬೇಕು. ಇಷ್ಟನ್ನು ಹೇಳಲು ಅಷ್ಟು ದೊಡ್ಡ ದನಿ ಬೇಕಿರಲಿಲ್ಲ. ಅವನು ತಲೆ ತಗ್ಗಿಸಿ ಡಬ್ಬಿಯನ್ನು ಮೇಜಿನ ಮೇಲೆ ಮಗುಚಿದ.

ರಾತ್ರಿ ನಿದ್ದೆ ಬರಲಿಲ್ಲ. ನನ್ನ ಪಿಎಚ್‌ಡಿಯ ಜರಡಿ ನೆನಪಾಯಿತು. ಕೆಲಸ ಬೇಗ ಮುಗಿಯಲೆಂದು ದೊಡ್ಡ ಕಣ್ಣಿನದನ್ನೇ ಆರಿಸಿದ್ದೆ. ಎಷ್ಟು ಮರಿ ಬಸವನಹುಳುಗಳು ನೀರಿನೊಡನೆ ಮೋರಿಗೆ ಹರಿದುಹೋದವೋ! ಅದರ ಮೇಲೆಯೇ 'ಇಲ್ಲಿ ವೈವಿಧ್ಯ ಕಡಿಮೆ' ಎಂದು ಧೈರ್ಯವಾಗಿ ಬರೆದೆ. ಪದವಿಯೂ ಬಂತು. ಎಷ್ಟು ಹೊಸ ಪ್ರಭೇದ ಸಿಕ್ಕಿತು ಎಂದು ವರ್ಷವರ್ಷವೂ ವಿಚಾರಿಸುವ ಸಮಿತಿಯವರು ಜರಡಿಯ ಕಣ್ಣೆಷ್ಟು ಎಂದು ಇದುವರೆಗೆ ಕೇಳಿಲ್ಲ.

ಕಲ್ಲೇನೂ ಪಕ್ಷಪಾತವಿಲ್ಲದ್ದಲ್ಲ. ಚಿಪ್ಪು ಅರಗೊನೈಟ್ ಎಂಬ ಖನಿಜದ್ದಾದರೆ ಸುಲಭವಾಗಿ ಕರಗುತ್ತದೆ, ಕ್ಯಾಲ್ಸೈಟ್ ಎಂಬ ಖನಿಜದ್ದಾದರೆ ಉಳಿಯುತ್ತದೆ. ಹಾಗಾಗಿ ಹಳೆಯ ಸುಣ್ಣಕಲ್ಲಿನಲ್ಲಿ ಬ್ರಾಕಿಯೊಪಾಡ್ ಎಂಬ, ಕ್ಯಾಲ್ಸೈಟ್ ಚಿಪ್ಪಿನ ಕಡಲಜೀವಿಗಳದೇ ದರ್ಬಾರು ಕಂಡರೆ, ಪಕ್ಕದಲ್ಲಿದ್ದ ಅರಗೊನೈಟ್ ಚಿಪ್ಪಿನ ಬಸವನಹುಳುಗಳು ಕರಗಿಹೋಗಿರಲೂಬಹುದು. 1982ರಲ್ಲಿ ಪಳೆಯುಳಿಕೆ ತಜ್ಞರಾದ ಡೇವಿಡ್ ರಾಪ್ ಮತ್ತು ಜ್ಯಾಕ್ ಸೆಪ್ಕೋಸ್ಕಿ ಕಡಲಜೀವಿಗಳ ಕುಟುಂಬಗಳನ್ನು ಲೆಕ್ಕಹಾಕಿ ಐದು ಮಹಾವಿನಾಶಗಳನ್ನು ಗುರುತಿಸಿದರು. ಆ ಲೆಕ್ಕದ ಏರಿಳಿತ ತೋರಿಸುವ ವಕ್ರರೇಖೆಯನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. 25.2 ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಯುಗದ ಕೊನೆಯ ಕುಸಿತ ಅದರಲ್ಲಿ ಪ್ರಪಾತದಂತಿದೆ. ಅಷ್ಟು ದೊಡ್ಡದು ಯಾವ ಜರಡಿಯಲ್ಲೂ ಸಿಕ್ಕಿಬೀಳುತ್ತದೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಅನುಮಾನವೆಲ್ಲ ಸಣ್ಣ ಏರಿಳಿತಗಳ ಮೇಲೆ. ಅವುಗಳಲ್ಲಿ ಕಡಲಿನದೆಷ್ಟು, ಮಧ್ಯಾಹ್ನಕ್ಕೆ ತಾಳ್ಮೆ ತಪ್ಪಿದ ನನ್ನಂಥವರದೆಷ್ಟು?

ನಿನ್ನೆ ಪ್ರಯೋಗಾಲಯಕ್ಕೆ ಹೋದಾಗ ಅವನು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದ. ಮಂಗಳವಾರದ ರಾಶಿಯಲ್ಲಿ ಮುಕ್ಕಾಲು ಪಾಲು ಆರಿಸಿ ಮುಗಿಸಿದ್ದ. ನನ್ನ ಹಳೆಯ ಜರಡಿಯ ಕಥೆ ಹೇಳಿದೆ. ನಗಬಹುದೆಂದುಕೊಂಡಿದ್ದೆ, ನಗಲಿಲ್ಲ.

"ಇದನ್ನು ನೋಡಿ ಮೇಡಂ," ಎಂದು ಕುರ್ಚಿ ಬಿಟ್ಟುಕೊಟ್ಟ.

ಅಂಚು ಮುರಿದ, ಕೀಲು ಗಟ್ಟಿಯಾಗಿಯೇ ಇದ್ದ ಒಂದು ಕದ. ಅದರ ಬೆನ್ನಿನಲ್ಲಿ ದುಂಡನೆಯ ಕುಳಿ, ಕುಳಿಯ ನಡುವೆ ಸಣ್ಣ ಉಬ್ಬು. ಕೊರೆದು ತಿನ್ನಲು ಬಂದ ಬಸವನಹುಳು ಅರ್ಧಕ್ಕೇ ಕೈಬಿಟ್ಟ ಗುರುತು. ರಂಧ್ರ ಒಳಗಿನವರೆಗೆ ತಲುಪಿರಲಿಲ್ಲ.

"ಹಾಗಾದರೆ ಇದು ಅವತ್ತು ಸಾಯಲಿಲ್ಲ, ಅಲ್ಲವೇ?"

"ಅವತ್ತಂತೂ ಇಲ್ಲ," ಎಂದೆ. ಅವನು ಪುಸ್ತಕದಲ್ಲಿ ಒಂದು ಗೀಟು ಎಳೆದ.