ಬಂಗುಡೆ ಪುಳಿಮುಂಚಿಗೆ ಯಾವ ವೈನ್?

ಪುಣೆಯ ನಮ್ಮ ಹೋಟೆಲಿನಲ್ಲಿ ಕರಾವಳಿಯ ಊಟ: ನೀರುದೋಸೆ, ಕೋರಿ ಗಸಿ, ಹುಣಸೆಹುಳಿ-ಮೆಣಸಿನ ಮಸಾಲೆಯ ಬಂಗುಡೆ ಪುಳಿಮುಂಚಿ, ಘೀ ರೋಸ್ಟ್. ವೈನ್ ಪಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ಸರ್ವಿಸಿಗೆ ಹೊಸದಾಗಿ ಸೇರುವ ಹುಡುಗರೆಲ್ಲ ಒಂದು ಸೂತ್ರ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ: ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು. ನಮ್ಮ ಅಡುಗೆಗೆ ಅದು ಸಾಲದು. ತಟ್ಟೆಯಲ್ಲಿ ಮೀನಿದ್ದರೂ ಕೋಳಿಯಿದ್ದರೂ ನಾಲಿಗೆಗೆ ಮೊದಲು ತಾಗುವುದು ಮಸಾಲೆ.

ಇದನ್ನು ಹೇಳಿ ಕಲಿಸುವುದು ಕಷ್ಟ. ಹಾಗಾಗಿ ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಹುಡುಗರ ಜೊತೆ ಅಡುಗೆಯವರನ್ನೂ ವೈನ್ ತೋಟಗಳಿರುವ ನಾಸಿಕ್‌ಗೆ ಕರೆದುಕೊಂಡು ಹೋದೆ. ಅಡುಗೆಯವರು ಬಾರದೆ ಇಂಥ ಪ್ರವಾಸ ಮಾಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಾರಿಯಲ್ಲಿ ಸಿಗುವ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲೇ ಇಂಡಾಜ್ ಎಂಬ ಕಂಪನಿಯವರು ಸ್ಪಾರ್ಕ್ಲಿಂಗ್ (ಗುಳ್ಳೆಯೇಳುವ) ವೈನ್ ಮಾಡಿದ್ದರು. ನಾಸಿಕ್‌ನ ಗಂಗಾಪುರ ಅಣೆಕಟ್ಟಿನ ಆಸುಪಾಸಿನಲ್ಲಿ ಸುಲಾ, ಯಾರ್ಕ್ ವೈನರಿಗಳಿವೆ. ಇಗತ್‌ಪುರಿ ಕಡೆಗೆ ಹೋದರೆ ಗ್ರೋವರ್ ಝಂಪಾ, ವಲೋನೆ. ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ, ಇಲ್ಲಿ ಮಲಗುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್ ಹೊತ್ತಿನದು ಬಳ್ಳಿ ಕಟ್ಟಲು, ಮಳೆಗಾಲ ಮುಗಿಯುವಾಗಿನದು ಹಣ್ಣಿಗೆ. ಹಣ್ಣು ಮಾಗುವುದು ಚಳಿಗಾಲದ ತಂಪು ರಾತ್ರಿಗಳಲ್ಲಿ. ಹೀಗಾಗಿ ಹುಳಿ ಪೂರ್ತಿ ಇಳಿದುಹೋಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಆ ಹುಳಿ ಚುರುಕಾಗಿ ಸಿಗುತ್ತದೆ.

ವೈನರಿಯ ರುಚಿಕೋಣೆಯಲ್ಲಿ ಬರೀ ವೈನನ್ನೇ ಸವಿಯುವಾಗ ಎಲ್ಲರಿಗೂ ಹಿಡಿಸಿದ್ದು ಶಿರಾಝ್ ಎಂಬ ಕೆಂಪು ವೈನ್. ಕಪ್ಪು ಹಣ್ಣಿನ ಪರಿಮಳ, ಮೆಣಸಿನಕಾಳಿನ ಘಮ, ಬಾಯಿತುಂಬ ಒಗರು. ಅದೇ ಬಾಟಲಿಯನ್ನು ಪುಣೆಗೆ ತಂದು, ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಪುಳಿಮುಂಚಿಯ ಪಕ್ಕದಲ್ಲಿಟ್ಟೆವು. ಒಂದು ಗುಟುಕು ಕುಡಿದ ನಮ್ಮ ಕುಕ್ ತಲೆಯೆತ್ತಿ, "ಅಣ್ಣ, ನಾನು ಇಷ್ಟು ಖಾರ ಹಾಕಿಲ್ಲ" ಎಂದರು. ನಿಜ, ಅವರು ಹಾಕಿರಲಿಲ್ಲ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಏರಿಸುತ್ತದೆ, ಖಾರದ ಮುಂದೆ ಒಗರು ಇನ್ನಷ್ಟು ಕಟುವಾಗುತ್ತದೆ. ಮೇಲಾಗಿ ಬಂಗುಡೆ ಎಣ್ಣೆಯ ಮೀನು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಆ ಎಣ್ಣೆಯ ಜೊತೆ ಸೇರಿದರೆ ಹಸಿ ಮೀನಿನ ವಾಸನೆ ಏಳುತ್ತದೆ.

ಆಮೇಲೆ ಕೊಂಚ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಸುರಿದೆವು, ಚೆನ್ನಾಗಿ ತಂಪು ಮಾಡಿ. ಸಿಹಿ ಖಾರವನ್ನು ತಗ್ಗಿಸಿತು, ಹುಣಸೆಯ ಹುಳಿಗೆ ವೈನಿನ ಹುಳಿ ಸಮನಾಗಿ ನಿಂತಿತು. ಮಸಾಲೆಯ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನ್ ನೀರುನೀರಾಗಿ ಕಾಣುತ್ತದೆ, ಇದನ್ನು ಹುಡುಗರಿಗೆ ಮತ್ತೆ ಮತ್ತೆ ಸವಿಸಿ ತೋರಿಸಿದೆ. ಕಾಣೆ ಮೀನಿನ ರವಾ ಫ್ರೈಗೆ ಸೊವಿನ್ಯೋ ಬ್ಲಾಂಕ್ ಸಲೀಸು, ನಿಂಬೆ ಹಿಂಡಿದಷ್ಟೇ ಸಹಜ.

ಹಾಗೆಂದು ಕೆಂಪು ವೈನನ್ನು ಕೈಬಿಡಬೇಕಿಲ್ಲ. ಘೀ ರೋಸ್ಟ್‌ನ ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ತುಪ್ಪ ಒಗರನ್ನು ಮೆತ್ತಗೆ ಮಾಡುತ್ತದೆ. ಹಣ್ಣಿನ ರುಚಿ ಮುಂದಿರುವ ಝಿನ್‌ಫ್ಯಾಂಡೆಲ್ ಅಲ್ಲಿ ಸೊಗಸಾಗಿ ಕೂರುತ್ತದೆ. ಆದರೆ ಪುಣೆಯ ಏಪ್ರಿಲ್ ಸೆಕೆಯಲ್ಲಿ ಕಪಾಟಿನಿಂದ ನೇರ ತೆಗೆದು ಸುರಿದರೆ ಆಲ್ಕೋಹಾಲಿನ ಘಾಟು ಮಾತ್ರ ಮೂಗಿಗೆ ಬಡಿಯುತ್ತದೆ. ಕೆಂಪಿಗೂ 16ರಿಂದ 18 ಡಿಗ್ರಿ ಬೇಕು, ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟೇ ತರಬೇಕು.

ಈಗ ನಮ್ಮ ಹುಡುಗರು ಟೇಬಲ್ಲಿಗೆ ಹೋದರೆ ಊಟದ ಆರ್ಡರ್ ಮೊದಲು ಬರೆದುಕೊಳ್ಳುತ್ತಾರೆ, ವೈನಿನ ಮಾತು ಆಮೇಲೆ. "ಖಾರ ಎಷ್ಟಿರಲಿ ಸರ್?" ಎಂದು ಕೇಳಿಕೊಂಡೇ ಬಾಟಲಿ ಸೂಚಿಸುತ್ತಾರೆ. ಮೆನುವಿನಲ್ಲಿ ಹೊಸ ಪದಾರ್ಥ ಬಂದಾಗಲೆಲ್ಲ ಕುಕ್ ತಾವೇ ಒಂದು ಬಟ್ಟಲು ಮಸಾಲೆ ಹಿಡಿದು ನನ್ನ ಕೌಂಟರಿಗೆ ಬರುತ್ತಾರೆ.