ಡಿ ಕಕ್ಷಕಗಳ ಪಾಠ: ಮೊದಲು ಅಕ್ಷ, ಆಮೇಲೆ ಆಕಾರ

ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ ನನಗೆ ಮನದಟ್ಟಾಗಿರುವ ಸಂಗತಿಯೊಂದಿದೆ. ಡಿ ಕಕ್ಷಕಗಳ, ಅಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚಿರುವ ಐದು ಬಗೆಯ ಪ್ರದೇಶಗಳ, ಚಿತ್ರ ಬರೆಯುವ ಮೊದಲು ಎಕ್ಸ್, ವೈ, ಝಡ್ ಅಕ್ಷಗಳನ್ನು ಎಳೆದು, ಕಕ್ಷಕದ ಪ್ರತಿಯೊಂದು ದಳವೂ (ಹೊರಚಾಚಿದ ಭಾಗ) ಅಕ್ಷದ ಮೇಲಿದೆಯೋ ಅಕ್ಷಗಳ ನಡುವೆ ಇದೆಯೋ ಎಂಬುದನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೇಳಿಸಬೇಕು. ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಐದು ಚಿತ್ರಗಳು ದ್ವಿತೀಯ ಪಿಯುಸಿಯ ಕೋಆರ್ಡಿನೇಶನ್ ಸಂಯುಕ್ತಗಳ (ಲೋಹದ ಸುತ್ತ ಅಣುಗಳೋ ಅಯಾನುಗಳೋ ಬಂಧಗೊಂಡ ಸಂಯುಕ್ತಗಳ) ಪಾಠದಲ್ಲಿ ಉಪಯೋಗಕ್ಕೆ ಬರುವುದು ಈ ಉತ್ತರ ಗೊತ್ತಿದ್ದಾಗ ಮಾತ್ರ.

ಎಕ್ಸ್‌ವೈ, ವೈಝಡ್, ಝಡ್‌ಎಕ್ಸ್ ಕಕ್ಷಕಗಳ ನಾಲ್ಕು ನಾಲ್ಕು ದಳಗಳು ಅಕ್ಷಗಳಿಗೆ 45 ಡಿಗ್ರಿ ಓರೆಯಾಗಿ, ಅವುಗಳ ನಡುವೆ ಚಾಚಿಕೊಂಡಿರುತ್ತವೆ. ಎಕ್ಸ್ ವರ್ಗ ಮೈನಸ್ ವೈ ವರ್ಗ ಕಕ್ಷಕದ ಆಕಾರವೂ ಅದೇ. ಆದರೆ ಅದರ ದಳಗಳು ಎಕ್ಸ್ ಮತ್ತು ವೈ ಅಕ್ಷಗಳ ಮೇಲೆಯೇ ಇರುತ್ತವೆ. ಐದನೆಯದಾದ ಝಡ್ ವರ್ಗ ಕಕ್ಷಕಕ್ಕೆ ಮಾತ್ರ ಈ ನಾಲ್ಕು ದಳಗಳ ಆಕಾರವಿಲ್ಲ.

"ಐದನೆಯದು ಮಾತ್ರ ಏಕೆ ಬೇರೆ, ಸರ್?" ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ, ಅದನ್ನು ಹಾರಿಸಿ ಮುಂದೆ ಹೋಗಬಾರದು. ಅಕ್ಷಗಳ ಮೇಲೆ ದಳವಿರುವ ಕಕ್ಷಕಗಳನ್ನು ಎಕ್ಸ್-ವೈ, ವೈ-ಝಡ್, ಝಡ್-ಎಕ್ಸ್ ಎಂಬ ಮೂರು ಅಕ್ಷಜೋಡಿಗಳಿಗೂ ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು; ಆದರೆ ಆ ಮೂರು ವರ್ಗ ವ್ಯತ್ಯಾಸಗಳನ್ನು ಕೂಡಿದರೆ ಸೊನ್ನೆ ಬರುವುದರಿಂದ ಸ್ವತಂತ್ರವಾಗಿ ಉಳಿಯುವುದು ಎರಡೇ. ಆದ್ದರಿಂದ ಝಡ್ ವರ್ಗದಿಂದ ಎಕ್ಸ್ ವರ್ಗ ಕಳೆದದ್ದನ್ನೂ ವೈ ವರ್ಗ ಕಳೆದದ್ದನ್ನೂ ಕೂಡಿಸಿ ಒಂದೇ ಕಕ್ಷಕ ಮಾಡುತ್ತಾರೆ. ಝಡ್ ಅಕ್ಷದ ಮೇಲೆ ಎರಡು ದೊಡ್ಡ ದಳಗಳೂ ನಡುವೆ, ಎಕ್ಸ್‌ವೈ ಸಮತಲದಲ್ಲಿ, ಉದ್ದಿನ ವಡೆಯಂತಹ ಉಂಗುರವೂ ಮೂಡುವುದು ಹೀಗೆ. ಉಳಿದ ನಾಲ್ಕರಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಎರಡು ಸಮತಲಗಳಲ್ಲಿ ಸೊನ್ನೆಯಾದರೆ, ಇದರಲ್ಲಿ ಝಡ್ ಅಕ್ಷಕ್ಕೆ ಸುಮಾರು 54.7 ಡಿಗ್ರಿ ಓರೆಯಿರುವ ಎರಡು ಶಂಕುಗಳ ಮೇಲೆ ಸೊನ್ನೆಯಾಗುತ್ತದೆ. ಒಂಟಿ ಪರಮಾಣುವಿನಲ್ಲಿ ಐದರ ಶಕ್ತಿಯೂ ಒಂದೇ.

ಹ್ಯಾನ್ಸ್ ಬೆಥೆ 1929ರಲ್ಲಿ ರೂಪಿಸಿದ ಸ್ಫಟಿಕ ಕ್ಷೇತ್ರ ಸಿದ್ಧಾಂತಕ್ಕೆ (ಸುತ್ತಲಿನ ಅಣು, ಅಯಾನುಗಳಿಂದ ಲೋಹದ ಡಿ ಕಕ್ಷಕಗಳ ಶಕ್ತಿ ಹೇಗೆ ಬೇರೆಬೇರೆಯಾಗುತ್ತದೆ ಎಂಬ ವಿವರಣೆಗೆ) ಬಂದಾಗ ಅಕ್ಷಗಳ ಅಭ್ಯಾಸ ಫಲ ಕೊಡುತ್ತದೆ. ಅಷ್ಟಮುಖಿ ಸಂಕೀರ್ಣದಲ್ಲಿ ಆರು ಲಿಗ್ಯಾಂಡ್‌ಗಳೂ (ಲೋಹಕ್ಕೆ ಬಂಧಗೊಳ್ಳುವ ಅಣುಗಳು ಅಥವಾ ಅಯಾನುಗಳು) ಅಕ್ಷಗಳ ಮೇಲಿಂದಲೇ ಬರುವುದರಿಂದ, ಅಕ್ಷದ ಮೇಲಿರುವ ಎರಡು ಕಕ್ಷಕಗಳ ಎಲೆಕ್ಟ್ರಾನ್‌ಗಳು ಹೆಚ್ಚು ವಿಕರ್ಷಣೆಗೆ ಒಳಗಾಗಿ, ಅವುಗಳ ಶಕ್ತಿ ಸರಾಸರಿಗಿಂತ, ಎರಡು ಗುಂಪುಗಳ ನಡುವಿನ ಒಟ್ಟು ಶಕ್ತಿಯ ಅಂತರದ 0.6ರಷ್ಟು ಮೇಲೇರುತ್ತದೆ, ಅಕ್ಷಗಳ ನಡುವಿನ ಮೂರರ ಶಕ್ತಿ 0.4ರಷ್ಟು ಕೆಳಗಿಳಿಯುತ್ತದೆ. ಆರು ನೀರಿನ ಅಣುಗಳು ಸುತ್ತುವರಿದ ಟೈಟಾನಿಯಂ ಮೂರು ಧನ ಅಯಾನಿನ ಒಂದೇ ಒಂದು ಡಿ ಎಲೆಕ್ಟ್ರಾನ್ ಸುಮಾರು 500 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರಿ ಈ ಅಂತರವನ್ನು ದಾಟುವುದರಿಂದಲೇ ದ್ರಾವಣ ನೇರಳೆಯಾಗಿ ಕಾಣುತ್ತದೆ.

ಇಷ್ಟಾದ ಮೇಲೆ, ಝಡ್ ಅಕ್ಷದ ಎರಡು ಲಿಗ್ಯಾಂಡ್‌ಗಳನ್ನು ತೆಗೆದುಬಿಟ್ಟರೆ ಯಾವ ಕಕ್ಷಕದ ಶಕ್ತಿ ಹೆಚ್ಚು ಇಳಿಯುತ್ತದೆ ಎಂದು ಕೇಳುತ್ತೇನೆ. ಹಾಗೆ ನಾಲ್ಕೇ ಲಿಗ್ಯಾಂಡ್‌ಗಳು ಒಂದೇ ಸಮತಲದಲ್ಲಿ ಉಳಿಯುವ ಸಮತಲ ಚೌಕ ಸಂಕೀರ್ಣದ ಪಾಠ ಇನ್ನೂ ಆಗಿರುವುದಿಲ್ಲ. ಆದರೂ ಝಡ್ ವರ್ಗ ಎಂಬ ಉತ್ತರ ಹಿಂದಿನ ಬೆಂಚಿನಿಂದಲೂ ಬರುತ್ತದೆ.